ಅಜ್ಜಿ ಕಾಲದ ಪಿಂಗಾಣಿ: ಬಳಸೋದಾ, ಶೋಕೇಸಲ್ಲಿ ಇಡೋದಾ?

ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಈಗ 'ಆಂಟಿಕ್'. ನಾವು ಅದನ್ನ ಪಿಂಗಾಣಿ ಅಂತೀವಿ. ಮೆಟೀರಿಯಲ್ಸ್ ಕ್ಲಾಸಿನ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಸ್ಟೋನ್‌ವೇರ್. ಅಸಲಿ ಪಿಂಗಾಣಿಗೆ ಕೆಯೋಲಿನ್ ಅನ್ನೋ ಬಿಳಿ ಜೇಡಿ ಬೇಕು. ತೆಳುವಾದ ಪಿಂಗಾಣಿ ಬಟ್ಟಲಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಬೆಳಕು ಹಾಯುತ್ತೆ, ಜಾಡಿಯಲ್ಲಿ ಹಾಯಲ್ಲ. ಚೀನಾದವರ ಈ ಗುಟ್ಟಿಗಾಗಿ ಯುರೋಪು ಶತಮಾನಗಟ್ಟಲೆ ಒದ್ದಾಡಿತು. ಜರ್ಮನಿಯ ಮೈಸೆನ್ ಕಾರ್ಖಾನೆ ಶುರುವಾಗಿದ್ದು 1710ರಲ್ಲಿ.

ಉಪ್ಪಿನಕಾಯಿಗೆ ಬೇಕಾದ್ದು ಬೆಳಕಲ್ಲ, ಗ್ಲೇಜ್ ಅನ್ನೋ ಗಾಜಿನ ಪದರ. ಉಪ್ಪು, ಹುಳಿ ಸೇರಿದರೆ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತವೆ. ಗಾಜಿನ ಹತ್ತಿರ ಅವುಗಳ ಆಟ ಅಷ್ಟಾಗಿ ನಡೆಯಲ್ಲ. ತಮಾಷೆ ಅಂದ್ರೆ, ಕೆಲವು ಹಳೇ ಸ್ಟೋನ್‌ವೇರ್‌ಗೆ ಈ ಪದರ ಬಂದಿದ್ದೂ ಉಪ್ಪಿನಿಂದಲೇ. ಸುಮಾರು 1200 ಡಿಗ್ರಿ ಸೆಲ್ಸಿಯಸ್ ದಾಟಿದ ಗೂಡಿಗೆ ಉಪ್ಪು ಎರಚಿದರೆ, ಸೋಡಿಯಂ ಆವಿ ಜೇಡಿಯ ಸಿಲಿಕಾ ಜೊತೆ ಸೇರಿ ಗಾಜಾಗುತ್ತೆ.

ಹಳೇ ತಟ್ಟೆಗಳ ಮೇಲೆ ಜೇಡರಬಲೆಯಂಥ ಗೆರೆ ನೋಡಿರ್ತೀರಿ. ಸುಟ್ಟ ಮೇಲೆ ಆರುವಾಗ ಗ್ಲೇಜ್ ಒಳಮೈಗಿಂತ ಜಾಸ್ತಿ ಕುಗ್ಗಿದರೆ ಎಳೆತಕ್ಕೆ ಸಿಕ್ಕಿ ಸೀಳುತ್ತೆ. ಅಂಗಡಿಯವರು ಇದನ್ನೇ 'ಹಳೇದಕ್ಕೆ ಸಾಕ್ಷಿ' ಅಂದರೆ ದುಡ್ಡು ತೆಗೀಬೇಡಿ, ಹೊಸದರಲ್ಲೂ ಬೇಕಂತಲೇ ಸೀಳಿಸ್ತಾರೆ. ಆ ಸೀಳಿನೊಳಗೆ ಎಣ್ಣೆ, ಕೊಳೆ ಕೂತರೆ ತೊಳೆದರೂ ಹೋಗಲ್ಲ.

ನಮಗೆ ನಿಜವಾದ ಚಿಂತೆ ಸೀಸದ್ದು. ಹಳೇ ಪಾತ್ರೆಗಳ ಗ್ಲೇಜಿನಲ್ಲಿ, ಅದರ ಮೇಲಿನ ಬಣ್ಣದ ಚಿತ್ರದಲ್ಲಿ ಸೀಸ ಇರಬಹುದು. ಹುಳಿ ತಗುಲಿ ನೆನೆದಷ್ಟೂ ಅದು ಆಹಾರಕ್ಕೆ ಇಳಿಯುತ್ತೆ. ಕಣ್ಣಿಗೂ ಕಾಣಲ್ಲ, ನಾಲಿಗೆಗೂ ಗೊತ್ತಾಗಲ್ಲ. ಚಿಕ್ಕ ಮಕ್ಕಳ ಮಿದುಳಿಗೆ ಅದು ಹೆಚ್ಚು ಅಪಾಯ. ಮನೇಲಿ ಹೂವಿನ ಚಿತ್ರದ ಹಳೇ ಬಟ್ಟಲಿಗೆ ಯಾರಾದ್ರೂ ಹುಣಸೆ ಗೊಜ್ಜು ಸುರಿಯೋಕೆ ಹೊರಟರೆ ತಡೀರಿ. ಲ್ಯಾಬಲ್ಲಿ ಪರೀಕ್ಷೆ ಆಗೋವರೆಗೆ ಅದರ ಜಾಗ ಶೋಕೇಸೇ.