ಸೈನ್ಯ ಬಿಟ್ಟವರೆಲ್ಲ ಹೇಡಿಗಳೇ?

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ದಕ್ಷಿಣದ ಕಾನ್ಫೆಡರೇಟ್ ಸೇನೆಯಿಂದ ಒಂದು ಲಕ್ಷಕ್ಕೂ ಮಿಕ್ಕಿ ಸೈನಿಕರು ಹೇಳದೆ ಕೇಳದೆ ಹೊರಟುಹೋದರು ಎಂಬುದು ಇತಿಹಾಸಜ್ಞೆ ಎಲ್ಲಾ ಲಾನ್ 1928ರಲ್ಲಿ ಕೊಟ್ಟ ಅಂದಾಜು. ಇವರೆಲ್ಲ ಗುಂಡಿಗೆ ಹೆದರಿ ಓಡಿದವರು ಎಂಬ ಮಾತು ಅಂದೂ ಇತ್ತು, ಇಂದೂ ಇದೆ. ಹೆದರಿದವರು ಇರಲಿಲ್ಲವೆಂದಲ್ಲ. ಆದರೆ ಹೋದವರಲ್ಲಿ ಅನೇಕರು ವರ್ಷಗಟ್ಟಲೆ ಕಾದಾಡಿದ್ದವರು. ಬಿತ್ತನೆಗೋ ಸುಗ್ಗಿಗೋ ಊರಿಗೆ ಹೋಗಿ, ಕೆಲಸ ಮುಗಿಸಿ ದಳಕ್ಕೆ ಮರಳಿದವರೂ ಇದ್ದರು. 1863ರ ಆಗಸ್ಟ್‌ನಲ್ಲಿ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್, 20 ದಿನದೊಳಗೆ ಮರಳಿದವರಿಗೆ ಕ್ಷಮೆ ಘೋಷಿಸಿದ. ಹೇಡಿಗಳೆಂದೇ ನಂಬಿದ್ದರೆ ಹೀಗೆ ಕರೆಯುತ್ತಿರಲಿಲ್ಲ.

ಸೈನಿಕನ ಸಂಬಳದಲ್ಲಿ ಸಂಸಾರ ಸಾಗುತ್ತಿತ್ತು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 11 ಡಾಲರ್; 1864ರಲ್ಲಿ ಅದು 18ಕ್ಕೆ ಏರಿತು. ಅದೂ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಸರ್ಕಾರ ಬೇಕಾದಷ್ಟು ನೋಟು ಅಚ್ಚು ಹಾಕಿದ್ದರಿಂದ ಬೆಲೆಗಳು ಯುದ್ಧ ಮುಗಿಯುವ ಹೊತ್ತಿಗೆ ಮೊದಲಿನ ಹತ್ತಾರು ಪಟ್ಟಾಗಿದ್ದವು. ಉಪ್ಪಿನ ಪಾಡನ್ನೇ ನೋಡಿ. ಹಂದಿಮಾಂಸ ವರ್ಷವಿಡೀ ಉಳಿಯಬೇಕಾದರೆ ಉಪ್ಪು ಬೇಕು; ಉತ್ತರದ ನೌಕಾಪಡೆ ಬಂದರುಗಳನ್ನು ತಡೆದದ್ದರಿಂದ ಅದು ಸಿಗುವುದು ಕಷ್ಟವಾಯಿತು. ಹೆಂಗಸರು ಮಾಂಸ ಹದಮಾಡುವ ಕೋಣೆಯ ನೆಲ ಅಗೆದು, ಹಿಂದೆಂದೋ ಸುರಿದ ಉಪ್ಪು ಹೀರಿದ ಮಣ್ಣನ್ನು ನೀರಲ್ಲಿ ಕರಗಿಸಿ, ಸೋಸಿ, ಕುದಿಸಿ ಉಪ್ಪು ತೆಗೆದರು. 1863ರ ಏಪ್ರಿಲ್ 2ರಂದು ರಾಜಧಾನಿ ರಿಚ್ಮಂಡ್‌ನಲ್ಲೇ ಹೆಂಗಸರು ಅಂಗಡಿಗಳಿಗೆ ನುಗ್ಗಿ ಹಿಟ್ಟು, ಮಾಂಸ ಹೊತ್ತೊಯ್ದರು.

ಕಷ್ಟ ಎಲ್ಲರಿಗೂ ಒಂದೇ ಸಮನಾಗಿತ್ತು ಎಂಬುದಂತೂ ಶುದ್ಧ ಸುಳ್ಳು. 1862ರ ಏಪ್ರಿಲ್‌ನ ಕಾಯ್ದೆ 18ರಿಂದ 35 ವಯಸ್ಸಿನ ಬಿಳಿಯ ಗಂಡಸರಿಗೆ ಸೈನಿಕ ಸೇವೆಯನ್ನು ಕಡ್ಡಾಯ ಮಾಡಿತು; ಒಂದು ವರ್ಷಕ್ಕೆಂದು ತಾವಾಗಿ ಸೇರಿದ್ದವರನ್ನೂ ಮೂರು ವರ್ಷಕ್ಕೆ ಕಟ್ಟಿಹಾಕಿತು. ಹಣವಂತ ತನ್ನ ಬದಲು ಬೇರೊಬ್ಬನನ್ನು ಕಳಿಸಬಹುದಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, 20 ಅಥವಾ ಹೆಚ್ಚು ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯನಂತೆ ವಿನಾಯಿತಿ ಸಿಕ್ಕಿತು. ಗುಲಾಮರಿಲ್ಲದ ಸಣ್ಣ ರೈತನ ಮನೆಯಲ್ಲಿ ಗಂಡಸು ಹೋದರೆ ನೇಗಿಲೇ ನಿಂತಂತೆ. ಅದರ ಮೇಲೆ 1863ರಲ್ಲಿ ಬೆಳೆಯ ಹತ್ತನೇ ಒಂದು ಪಾಲನ್ನು ತೆರಿಗೆಯಾಗಿ ಎತ್ತತೊಡಗಿದರು. ಮಿಸಿಸಿಪ್ಪಿಯ ಜೋನ್ಸ್ ಕೌಂಟಿಯಲ್ಲಿ ನ್ಯೂಟನ್ ನೈಟ್ ಎಂಬ ರೈತ ಸೇನೆ ತೊರೆದು, ತನ್ನಂಥವರ ಪಡೆ ಕಟ್ಟಿ ಕಾನ್ಫೆಡರೇಟ್ ಅಧಿಕಾರಿಗಳ ವಿರುದ್ಧವೇ ನಿಂತ.

ಹೆಂಡತಿಯರ ಅಳುಮುಂಜಿ ಪತ್ರಗಳೇ ಸೈನಿಕರನ್ನು ಕೆಡಿಸಿದವು ಎಂಬ ದೂರು ಸೇನಾಧಿಕಾರಿಗಳಿಗೆ ಅನುಕೂಲವಾಗಿತ್ತು. 1865ರ ಫೆಬ್ರವರಿಯಲ್ಲಿ ಸೇನಾಪತಿ ರಾಬರ್ಟ್ ಲೀ ಕೂಡ ಉತ್ತರ ಕೆರೊಲಿನಾದ ಗವರ್ನರ್ ಜೆಬುಲಾನ್ ವಾನ್ಸ್‌ಗೆ ಇಂಥದೇ ಮಾತು ಬರೆದ. ಹಸಿವು ಪತ್ರದಿಂದ ಹುಟ್ಟಿದ್ದಲ್ಲ, ಪತ್ರ ಹಸಿವಿನಿಂದ ಹುಟ್ಟಿದ್ದು. ಅದೇ ಹೆಂಗಸರು ವಾನ್ಸ್‌ಗೂ ಬರೆದು ಧಾನ್ಯ ಕೇಳುತ್ತಿದ್ದರು. ಕೆಲವು ರಾಜ್ಯಗಳು ನೆರವು ಕೊಟ್ಟದ್ದೂ ನಿಜ. ಆದರೆ ಬೆಲೆಯಿಲ್ಲದ ನೋಟು ಮತ್ತು ಮುರಿದ ರೈಲುಮಾರ್ಗಗಳಿಂದಾಗಿ ಅದು ಸಾಲಲಿಲ್ಲ.

ಹಾಗೆಂದು ಬಡತನವೊಂದೇ ಕಾರಣವೆನ್ನುವುದೂ ತಪ್ಪು. ಮನೆಯಲ್ಲಿ ಉಪವಾಸವಿದ್ದರೂ ಕೊನೆಯವರೆಗೆ ನಿಂತವರು ಸಾವಿರಾರು. ಅನ್ನಕ್ಕೆ ಇಷ್ಟು ಬರವಿಲ್ಲದ ಉತ್ತರದ ಸೇನೆಯಿಂದ ಸುಮಾರು ಎರಡು ಲಕ್ಷ ಮಂದಿ ಓಡಿದ್ದರು. ಸೇರುವ ಬಹುಮಾನದ ಹಣ ಪಡೆದು ಪರಾರಿಯಾಗಿ, ಮತ್ತೊಂದೂರಲ್ಲಿ ಮತ್ತೆ ಸೇರುವ ಖದೀಮರೂ ಅವರಲ್ಲಿದ್ದರು. ದಕ್ಷಿಣದಲ್ಲಿ ಹಸಿವಿನ ಜೊತೆ ಅನ್ಯಾಯದ ಅರಿವು, ಸೋಲಿನ ಮುನ್ಸೂಚನೆ, ಊರಿನ ಹತ್ತಿರವೇ ಬಂದ ಶತ್ರುಸೇನೆ ಎಲ್ಲ ಕೂಡಿದವು. 1864ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾದ ಮೇಕನ್‌ನಲ್ಲಿ ಡೇವಿಸ್ ಬಹಿರಂಗವಾಗಿ ಒಪ್ಪಿಕೊಂಡ: ಮೂರರಲ್ಲಿ ಎರಡು ಪಾಲು ಸೈನಿಕರು ದಳದಲ್ಲಿಲ್ಲ, ಕೆಲವರು ಕಾಯಿಲೆಯವರು, ಕೆಲವರು ಗಾಯಾಳುಗಳು, ಹೆಚ್ಚಿನವರು ರಜೆಯಿಲ್ಲದೆ ಹೋದವರು.