ಟೈರಿಗೂ ಒಂದು ಪಂಚಾಂಗ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಲ್ಲಿ ಬೈಕು ಎಂದರೆ ಅರ್ಧ ಲಗೇಜ್ ಗಾಡಿ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಆಮೇಲೆ ಹುಳುಮನೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಗೂಡು ಬಿಡಿಸಿದ ದಿನ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡಿನ ಮೂಟೆ. ಎಲ್ಲ ಭಾರವೂ ಬೀಳುವುದು ಹಿಂದಿನ ಚಕ್ರದ ಮೇಲೆ. ಅದರ ಟೈರು ಬದಲಿಸುವುದು ಯಾವಾಗ ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಒಳಗಿನ ನೂಲು ಕಂಡಾಗ, ಇಲ್ಲವೇ ಮೇಲಿಂದ ಮೇಲೆ ಪಂಚರ್ ಆಗತೊಡಗಿದಾಗ. ಎರಡೂ ತಡವೇ. ಈ ಬಯಲುಸೀಮೆಯಲ್ಲಿ ಟೈರನ್ನು ಸವೆತ ನೋಡಿದರೆ ಸಾಲದು, ತಿಂಗಳು ನೋಡಿಯೂ ಬದಲಿಸಬೇಕು. ಆಗಸ್ಟ್ ಮುಗಿಯುವುದರೊಳಗೆ ಆ ಕೆಲಸ ಆಗಿರಬೇಕು ಎಂಬುದು ನನ್ನ ವಾದ.

ಕಾನೂನು ಹೇಳುವುದು ಕನಿಷ್ಠ ಮಿತಿಯನ್ನು ಮಾತ್ರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೀರು 0.8 ಮಿ.ಮೀ.ಗಿಂತ ಕಡಿಮೆ ಆಳ ಇರುವಂತಿಲ್ಲ. ಇದನ್ನು ತಿಳಿಯಲು ಅಳತೆಪಟ್ಟಿ ಬೇಕಿಲ್ಲ. ಟೈರಿನ ಪಕ್ಕೆಯಲ್ಲಿ ಪುಟ್ಟ ತ್ರಿಕೋನವೋ ‘ಟಿಡಬ್ಲ್ಯುಐ’ ಎಂಬ ಅಕ್ಷರಗಳೋ ಇರುತ್ತವೆ. ಅದರ ನೇರಕ್ಕೆ ಗೀರಿನೊಳಗೆ ಬೆರಳಾಡಿಸಿದರೆ ಸಣ್ಣದೊಂದು ರಬ್ಬರಿನ ದಿಬ್ಬ ತಾಗುತ್ತದೆ. ಮೇಲಿನ ರಬ್ಬರು ಸವೆದು ಆ ದಿಬ್ಬಕ್ಕೆ ಸಮವಾಯಿತೆಂದರೆ ಟೈರಿನ ಕತೆ ಮುಗಿಯಿತು. ಹಿಂದಿನ ಟೈರು ಮೊದಲು ಬೋಳಾಗುವುದು ನಟ್ಟನಡುವೆ. ಹಾಗಾಗಿ ಅಂಚಿನ ಗ್ರಿಪ್ ತೋರಿಸಿ ‘ಇನ್ನೂ ಇದೆಯಲ್ಲ’ ಎನ್ನುವುದು ಬರೀ ಸಮಾಧಾನದ ಮಾತು. ಗೀರುಗಳ ಮುಖ್ಯ ಕೆಲಸ ನೀರಿಗೆ ದಾರಿ ಬಿಡುವುದು. ಒಣಗಿದ ಡಾಂಬರಿನ ಮೇಲೆ ಬೋಳು ಟೈರೂ ಚೆನ್ನಾಗಿಯೇ ಹಿಡಿಯುತ್ತದೆ. ಮೋಸವಿರುವುದು ಅಲ್ಲೇ: ತಿಂಗಳುಗಟ್ಟಲೆ ಏನೂ ಆಗದ್ದರಿಂದ ಮುಂದೆಯೂ ಆಗಲಾರದೆಂಬ ಧೈರ್ಯ ಬಂದುಬಿಡುತ್ತದೆ. ರೇಸಿನ ಬೈಕುಗಳ ಟೈರಿಗೆ ಗೀರೇ ಇಲ್ಲವಲ್ಲ ಎನ್ನುವವರಿದ್ದಾರೆ. ಮಳೆ ಬಂದೊಡನೆ ಅವರೂ ಗೀರಿನ ಟೈರಿಗೆ ಬದಲಾಯಿಸಿಕೊಳ್ಳುತ್ತಾರೆ.

‘ನಮ್ಮ ಕಡೆ ಮಳೆಯಾದರೂ ಎಲ್ಲಿದೆ?’ ಎಂಬ ಪ್ರಶ್ನೆ ಮಾತ್ರ ತೂಕದ್ದು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಜಿಲ್ಲೆ ಚಿಕ್ಕಬಳ್ಳಾಪುರ. ಆದರೆ ಬರುವ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸುರಿಯುತ್ತದೆ. ಮಳೆ ಅಪರೂಪವಾದಷ್ಟೂ ರಸ್ತೆ ಹೆಚ್ಚು ಜಾರುತ್ತದೆ. ಒಣ ದಿನಗಳಲ್ಲಿ ಕೂತ ಧೂಳು, ಕ್ವಾರಿ ಲಾರಿಗಳು ಚೆಲ್ಲಿದ ಕಲ್ಲುಪುಡಿ, ಸೋರಿದ ಡೀಸೆಲ್, ಹೊಲದಿಂದ ಬಂದ ಟ್ರ್ಯಾಕ್ಟರ್ ಡಾಂಬರಿಗೆ ಬಳಿದ ಕೆಮ್ಮಣ್ಣು, ಇಷ್ಟೂ ಮೊದಲ ಹದ ಮಳೆಗೆ ನೆನೆದು ಅಂಟು ಕೆಸರಾಗುತ್ತವೆ. ಅದನ್ನು ತೊಳೆದುಹಾಕುವಂಥ ಜೋರು ಮಳೆ ಮಾರನೇ ದಿನವೇ ಬರುವ ಖಾತರಿ ಇಲ್ಲ. ಆಯುಧಪೂಜೆಗೆ ಬೈಕು ತೊಳೆದು, ಟೈರಿನಡಿ ನಿಂಬೆಹಣ್ಣಿಡುವ ಹೊತ್ತಿಗೆ ಆ ಮಳೆಗಾಲ ಅರ್ಧ ಕಳೆದಿರುತ್ತದೆ.

ನಿಧಾನ ಹೋಗುತ್ತೇವೆ, ಬ್ರೇಕೂ ಚೆನ್ನಾಗಿದೆ ಎಂಬುದು ಇನ್ನೊಂದು ಮಾತು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಬೈಕುಗಳಿಗೆ ಕನಿಷ್ಠ ಕಾಂಬಿ ಬ್ರೇಕಾದರೂ ಕಡ್ಡಾಯವಾಯಿತು ನಿಜ. ಅದು ಬ್ರೇಕಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುತ್ತದೆ, ಇಲ್ಲದ ಹಿಡಿತವನ್ನು ಎಲ್ಲಿಂದ ತಂದೀತು? ಇನ್ನು ಭಾರದ ಲೆಕ್ಕ. ಹಿಂದಿನ ಟೈರಿನ ಮೇಲೆ 80/100-18 54ಪಿ ಎಂದಿದ್ದರೆ ಆ 54 ಎಂಬ ಅಂಕಿಯ ಅರ್ಥ, ಗಾಳಿ ಸರಿಯಿದ್ದಾಗ ಅದು ಹೊರಬಲ್ಲದ್ದು 212 ಕಿಲೋ. 40 ಲೀಟರ್ ಹಾಲೇ 41 ಕಿಲೋ ತೂಗುತ್ತದೆ. ಅಂಥ ಎರಡು ಕ್ಯಾನು, ಸವಾರ, ಬೈಕಿನ ಅರ್ಧ ತೂಕ ಸೇರಿದರೆ ಮಿತಿಯ ಹತ್ತಿರಕ್ಕೇ ಬರುತ್ತೇವೆ. ಮುಂದಿನ ಟೈರನ್ನು ಹಿಂದಕ್ಕೆ ಹಾಕಿಸಿ ಕಾಲ ತಳ್ಳುವವರೂ ಇದನ್ನು ಗಮನಿಸಬೇಕು. ಅದರ ಮೇಲೆ 47 ಎಂದಿದ್ದರೆ ಮಿತಿ 175 ಕಿಲೋ ಮಾತ್ರ.

ಉಳಿದದ್ದು ದುಡ್ಡಿನ ಮಾತು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಇನ್ನೂ ಮೂರು ತಿಂಗಳು ಓಡಬಹುದಾದ ಟೈರನ್ನು ಆಗಸ್ಟಿನಲ್ಲೇ ಕಳಚಿದರೆ ನಷ್ಟ ಇದ್ದೇ ಇದೆ. ಎಷ್ಟು? ಟ್ಯೂಬು ಸೇರಿ ಎರಡು ಸಾವಿರ ರೂಪಾಯಿ, ಬಾಳಿಕೆ ಎರಡು ವರ್ಷ ಎಂದಿಟ್ಟುಕೊಂಡರೆ 250 ರೂಪಾಯಿ. ಲೀಟರಿಗೆ 35 ರೂಪಾಯಿಯಂತೆ ಹಿಡಿದರೂ ಉರುಳಿದ ಒಂದು ಕ್ಯಾನು ಹಾಲಿಗೆ 1,400. ತೆಳುವಾದ ರಬ್ಬರಿಗೆ ಜಾಲಿಮುಳ್ಳು ಸಲೀಸಾಗಿ ಇಳಿಯುವುದರಿಂದ ಕೊನೆಯ ಆ ಮೂರು ತಿಂಗಳ ಓಟವೇನೂ ಪುಕ್ಕಟೆಯಲ್ಲ. ಮೈಕೈಗೆ ಆಗುವ ಪೆಟ್ಟನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಹಾಕಿಸುವಾಗ ಟ್ಯೂಬನ್ನೂ ಬದಲಿಸುವುದು ಮೇಲು. ಹಿಗ್ಗಿದ ಹಳೆಯ ಟ್ಯೂಬು ಹೊಸ ಟೈರಿನೊಳಗೆ ಮಡಿಚಿಕೊಳ್ಳುತ್ತದೆ. ಪಕ್ಕೆಯ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗಿರಬೇಕು. ತಯಾರಿಕೆಯ ನಾಲ್ಕು ಅಂಕಿಯನ್ನೂ ಓದಬೇಕು: 2324 ಎಂದರೆ 2024ರ 23ನೇ ವಾರ. ಹೊಸ ರಬ್ಬರಿನ ನುಣುಪು ಹೋಗಲು 100-150 ಕಿ.ಮೀ. ಬೇಕು, ಅಲ್ಲಿಯವರೆಗೆ ತಿರುವಿನಲ್ಲಿ ಬಗ್ಗಿಸಬಾರದು. ಇನ್ನು ಬೋಳು ಟೈರಿಗೇ ಹೊಸ ಗೀರು ಕೊಯ್ದು ಅರ್ಧ ಬೆಲೆಗೆ ಮಾರುವುದುಂಟು. ನೋಡಲು ಗೀರು ಆಳವಾಗಿಯೇ ಇರುತ್ತದೆ. ಆದರೆ ಅದನ್ನು ಕೊಯ್ದಿರುವುದು ನೂಲನ್ನು ಕಾಯಲೆಂದು ಉಳಿದಿದ್ದ ರಬ್ಬರಿನಲ್ಲಿ.