ಒಂದು ಹಲ್ಲಿನ ಬೆಲೆ

ಮಕ್ಕಳಿರುವ ಮನೆಗಳಲ್ಲಿ ಡೈನೋಸಾರಿನ ಹೆಸರನ್ನು ಕೇಳದವರು ಈಗ ವಿರಳ. ಗೊಂಬೆಗಳಲ್ಲಿಯೂ ಚಿತ್ರದ ಪುಸ್ತಕಗಳಲ್ಲಿಯೂ ಆ ಮಹಾಕಾಯದ ಪ್ರಾಣಿಗಳನ್ನು ಕಂಡು ನಲಿಯುವ ಮಕ್ಕಳು, ಅವುಗಳ ತೊಡಕಾದ ಹೆಸರುಗಳನ್ನು ಹಿರಿಯರಿಗಿಂತ ಚೆನ್ನಾಗಿ ಉಚ್ಚರಿಸಬಲ್ಲರು. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಇಂತಹ ಪ್ರಾಣಿಗಳು ಒಮ್ಮೆ ಭೂಮಿಯ ಮೇಲೆ ಸಂಚರಿಸಿದ್ದುವೆಂಬುದನ್ನು ದೊಡ್ಡ ದೊಡ್ಡ ಪಂಡಿತರೂ ಅರಿತಿರಲಿಲ್ಲ. ಆ ಅರಿವನ್ನು ಲೋಕಕ್ಕೆ ತಂದವರಲ್ಲಿ ಒಬ್ಬನು ಇಂಗ್ಲೆಂಡಿನ ಒಂದು ಸಣ್ಣ ಊರಿನ ವೈದ್ಯನು. ಆತನು ಅದಕ್ಕಾಗಿ ತೆತ್ತ ಬೆಲೆ ಏನೆಂಬುದನ್ನು ನಮ್ಮ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಗಿಡಿಯನ್ ಮ್ಯಾಂಟೆಲ್ 1790ನೆಯ ಇಸವಿಯ ಫೆಬ್ರವರಿ 3ರಂದು ಸಸೆಕ್ಸ್ ಪ್ರಾಂತದ ಲೂಯಿಸ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯು ಪಾದರಕ್ಷೆಗಳನ್ನು ಮಾಡುವ ಕಸುಬಿನವನು. ಮೆಥಡಿಸ್ಟ್ ಪಂಥಕ್ಕೆ ಸೇರಿದವನಾದುದರಿಂದ ಮಗನಿಗೆ ಊರಿನ ಗ್ರಾಮರ್ ಶಾಲೆಯ ಬಾಗಿಲು ತೆರೆಯಲಿಲ್ಲ. ಹುಡುಗನು ಒಬ್ಬ ಶಸ್ತ್ರವೈದ್ಯನ ಬಳಿ ಶಿಷ್ಯವೃತ್ತಿಗೆ ನಿಂತು, ತರುವಾಯ ಲಂಡನ್ನಿನಲ್ಲಿ ವ್ಯಾಸಂಗ ಮಾಡಿ, 1811ರಲ್ಲಿ ವೈದ್ಯನಾಗಿ ಸ್ವಂತ ಊರಿಗೆ ಮರಳಿದನು. ಹೆರಿಗೆಗಳನ್ನು ಮಾಡಿಸುವುದರಲ್ಲಿ ಆತನಿಗೆ ಒಳ್ಳೆಯ ಹೆಸರಿತ್ತು. ಹಗಲಿರುಳೆನ್ನದೆ ಹಳ್ಳಿಯಿಂದ ಹಳ್ಳಿಗೆ ತಿರುಗುತ್ತಿದ್ದ ಆತನು, ದಾರಿಯಲ್ಲಿ ಕಲ್ಲುಗಣಿ ಕಂಡಲ್ಲೆಲ್ಲ ಇಳಿದು, ಶಿಲೆಯಲ್ಲಿ ಹುದುಗಿದ ಚಿಪ್ಪುಗಳನ್ನೂ ಎಲುಬುಗಳನ್ನೂ ಸಂಗ್ರಹಿಸುತ್ತಿದ್ದನು.

1816ರಲ್ಲಿ ಆತನು ಮೇರಿ ಆ್ಯನ್ ವುಡ್‌ಹೌಸ್ ಎಂಬ ಕನ್ಯೆಯನ್ನು ವರಿಸಿದನು. ಗಂಡನ ಹವ್ಯಾಸಕ್ಕೆ ಆಕೆಯು ನೆರವಾದ ಬಗೆಯು ಸ್ಮರಣೀಯವಾದುದು. 1822ರಲ್ಲಿ ಪ್ರಕಟವಾದ ಆತನ ಮೊದಲನೆಯ ಗ್ರಂಥದ ಚಿತ್ರಫಲಕಗಳನ್ನು ಕೆತ್ತಿದವಳು ಆಕೆಯೇ. ಕುಕ್‌ಫೀಲ್ಡ್ ಎಂಬಲ್ಲಿ ಗಂಡನು ರೋಗಿಯನ್ನು ನೋಡಲು ಹೋಗಿದ್ದಾಗ, ದಾರಿಯ ಬದಿಯ ಕಲ್ಲುರಾಶಿಯಲ್ಲಿ ಹೊಳೆಯುವ ಕಂದುಬಣ್ಣದ ದೊಡ್ಡ ಹಲ್ಲೊಂದನ್ನು ಕಂಡವಳೂ ಆಕೆಯೇ ಎಂಬ ಕಥೆ ಲೋಕಪ್ರಸಿದ್ಧವಾಗಿದೆ. ಆದರೆ ಮ್ಯಾಂಟೆಲ್ ತನ್ನ ಕೊನೆಗಾಲದ ಪುಸ್ತಕದಲ್ಲಿ ಆ ಹಲ್ಲುಗಳನ್ನು ತಾನೇ ಕಂಡೆನೆಂದು ಬರೆದಿದ್ದಾನೆ. ಕಂಡವರು ಯಾರೇ ಆಗಲಿ, ಆ ಹಲ್ಲು ಇಬ್ಬರ ಬಾಳನ್ನೂ ಬದಲಾಯಿಸಿತು.

ಸಂತೆಯಲ್ಲಿ ಎತ್ತನ್ನು ಕೊಳ್ಳುವ ನಮ್ಮ ರೈತನು ಮೊದಲು ಅದರ ಬಾಯಿ ತೆರೆಯಿಸಿ ಹಲ್ಲನ್ನು ನೋಡುವನಷ್ಟೆ. ಹಲ್ಲು ಪ್ರಾಣಿಯ ಗುಟ್ಟನ್ನು ಹೇಳುತ್ತದೆ. ಮ್ಯಾಂಟೆಲ್ಲನ ಕೈಯಲ್ಲಿದ್ದ ಹಲ್ಲಿನ ತುದಿಯು ಸೊಪ್ಪುಸದೆಗಳನ್ನು ಅರೆದು ಅರೆದು ಸವೆದಿತ್ತು. ಅದುಕಾರಣ ಅದು ಸಸ್ಯಾಹಾರಿಯದು. ಆದರೆ ಅದು ದೊರೆತ ಶಿಲೆಯು, ಆನೆ, ಘೇಂಡಾಮೃಗಗಳಂತಹ ದೊಡ್ಡ ಸ್ತನಿಗಳು ಹುಟ್ಟುವುದಕ್ಕೆ ಎಷ್ಟೋ ಮುಂಚಿನದು. ಹಾಗಾದರೆ ಇದು ಸರೀಸೃಪದ ಹಲ್ಲಾಗಿರಬೇಕು. ಆದರೆ ಆಹಾರವನ್ನು ಹೀಗೆ ಅಗಿದು ತಿನ್ನುವ ಸರೀಸೃಪವನ್ನು ಅಂದಿನವರು ಯಾರೂ ಕಂಡಿರಲಿಲ್ಲ.

1823ರಲ್ಲಿ ಮಿತ್ರನಾದ ಚಾರ್ಲ್ಸ್ ಲಯೆಲ್ ಆ ಹಲ್ಲನ್ನು ಪ್ಯಾರಿಸ್ ನಗರಕ್ಕೆ ಒಯ್ದು, ಜಗದ್ವಿಖ್ಯಾತನಾದ ಕುವಿಯೇ ಪಂಡಿತನಿಗೆ ತೋರಿಸಿದನು. ಪಂಡಿತನು ಅದು ಘೇಂಡಾಮೃಗದ ಹಲ್ಲೆಂದುಬಿಟ್ಟನು. ಆಕ್ಸ್‌ಫರ್ಡಿನ ಬಕ್‌ಲೆಂಡನೂ ಮ್ಯಾಂಟೆಲ್ಲನ ವಾದಕ್ಕೆ ಒಪ್ಪಲಿಲ್ಲ. ಹಳ್ಳಿಗಾಡಿನ ವೈದ್ಯನೊಬ್ಬನು ಇಂತಹವರನ್ನು ಎದುರಿಸಿ ನಿಲ್ಲುವುದು ಸುಲಭವೆ? ಆದರೂ ಆತನು ಎದೆಗುಂದಲಿಲ್ಲ. ಮತ್ತಷ್ಟು ಹಲ್ಲುಗಳನ್ನು ಸಂಗ್ರಹಿಸಿ ಕಳುಹಿಸಲು, 1824ರಲ್ಲಿ ಕುವಿಯೇ ತನ್ನ ತಪ್ಪನ್ನು ಒಪ್ಪಿಕೊಂಡು, ಇದು ಸಸ್ಯಾಹಾರಿಯಾದ ಸರೀಸೃಪವಾಗಿರಬಹುದೆಂದು ಬರೆದನು. ತಪ್ಪನ್ನು ಒಪ್ಪಿಕೊಳ್ಳುವುದೂ ಪಾಂಡಿತ್ಯದ ಲಕ್ಷಣವಲ್ಲವೆ?

ಅದೇ ವರ್ಷ ಮ್ಯಾಂಟೆಲ್ ಲಂಡನ್ನಿನ ಶಸ್ತ್ರವೈದ್ಯರ ರಾಯಲ್ ಕಾಲೇಜಿನ ವಸ್ತುಸಂಗ್ರಹಾಲಯಕ್ಕೆ ಹೋದನು. ಅಲ್ಲಿದ್ದ ಸ್ಟಚ್‌ಬರಿ ಎಂಬಾತನು, ತಾನು ಆಗತಾನೆ ಸಿದ್ಧಪಡಿಸಿದ್ದ ಇಗ್ವಾನಾ ಎಂಬ ಅಮೆರಿಕದ ದೊಡ್ಡ ಹಲ್ಲಿಯ ದೇಹವನ್ನು ತೋರಿಸಿದನು. ಅದರ ಹಲ್ಲುಗಳು ಮ್ಯಾಂಟೆಲ್ಲನ ಕೈಯಲ್ಲಿದ್ದ ಹಲ್ಲಿನ ಆಕಾರದವೇ. ಗಾತ್ರದಲ್ಲಿ ಮಾತ್ರ ಅತಿ ಸಣ್ಣವು. ಇದರಿಂದ ಹೊಸ ಪ್ರಾಣಿಗೆ ‘ಇಗ್ವಾನೊಡಾನ್’, ಎಂದರೆ ಇಗ್ವಾನಾದ ಹಲ್ಲುಳ್ಳದ್ದು, ಎಂಬ ಹೆಸರಾಯಿತು. 1825ರ ಫೆಬ್ರವರಿಯಲ್ಲಿ ಈ ಶೋಧವು ರಾಯಲ್ ಸೊಸೈಟಿಯ ಮುಂದೆ ಓದಲ್ಪಟ್ಟಿತು. ಅದೇ ವರ್ಷ ಪಾದರಕ್ಷೆಗಾರನ ಮಗನು ಆ ಸೊಸೈಟಿಯ ಸದಸ್ಯನಾದನು.

ಕೀರ್ತಿಯೇನೋ ಬಂದಿತು, ಮನೆಯ ನೆಮ್ಮದಿಯು ಮಾತ್ರ ಕರಗುತ್ತ ಹೋಯಿತು. 1833ರಲ್ಲಿ ಆತನು ಶ್ರೀಮಂತರ ಊರಾದ ಬ್ರೈಟನ್ನಿಗೆ ಹೋಗಿ ನೆಲಸಿದನು. ಅಲ್ಲಿ ಮನೆಯೇ ವಸ್ತುಸಂಗ್ರಹಾಲಯವಾಯಿತು. ಎಲುಬುಗಳನ್ನು ನೋಡಲು ಜನರು ಬಂದರು. ಔಷಧಕ್ಕಾಗಿ ಬಂದವರು ಕಡಮೆ. 1834ರಲ್ಲಿ ಮೇಡ್‌ಸ್ಟನ್ನಿನ ಗಣಿಯಲ್ಲಿ ಇಗ್ವಾನೊಡಾನಿನ ಅನೇಕ ಎಲುಬುಗಳು ಒಂದೇ ಬಂಡೆಯಲ್ಲಿ ದೊರೆತಾಗ, ಅದರ ಬೆಲೆಯಾದ 25 ಪೌಂಡುಗಳನ್ನು ಸ್ನೇಹಿತರೇ ಕೊಟ್ಟು ಆತನಿಗೆ ಕೊಡಿಸಬೇಕಾಯಿತು. ಕಡೆಗೆ 1838ರಲ್ಲಿ ಆತನು ತನ್ನ ಸಮಸ್ತ ಸಂಗ್ರಹವನ್ನೂ 4,000 ಪೌಂಡುಗಳಿಗೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿದನು.

ಚಿತ್ರಗಳನ್ನು ಕೆತ್ತಿಕೊಟ್ಟ ಮಡದಿಯು 1839ರಲ್ಲಿ ಮನೆಯನ್ನು ಬಿಟ್ಟು ಹೋದಳು. ಹಿರಿಯ ಮಗ ವಾಲ್ಟರನು ನ್ಯೂಜಿಲೆಂಡಿಗೆ ಹೊರಟುಹೋದನು. 1840ರಲ್ಲಿ ಪ್ರೀತಿಯ ಮಗಳು ಹ್ಯಾನಾ ತೀರಿಕೊಂಡಳು. ಮರುವರ್ಷ ಲಂಡನ್ನಿನ ಕ್ಲ್ಯಾಪಮ್ ಬಯಲಿನಲ್ಲಿ ನಡೆದ ಗಾಡಿಯ ಅಪಘಾತದಲ್ಲಿ ಆತನ ಬೆನ್ನುಮೂಳೆಗೆ ಪೆಟ್ಟಾಯಿತು. ಅಂದಿನಿಂದ ನೋವು ಆತನನ್ನು ಬಿಡಲಿಲ್ಲ; ಅದನ್ನು ಅಡಗಿಸಲು ಅಫೀಮಿನ ಮೊರೆಹೊಕ್ಕನು.

1842ರಲ್ಲಿ ರಿಚರ್ಡ್ ಓವೆನ್ ಎಂಬ ಅಂಗರಚನಾಶಾಸ್ತ್ರಜ್ಞನು ‘ಡೈನೋಸಾರ್’ ವರ್ಗದ ಹೆಸರನ್ನು ಪ್ರಕಟಿಸಿದನು. ಆಗ ಆ ವರ್ಗಕ್ಕೆ ಸೇರಿಸಿದ ಪ್ರಾಣಿಗಳು ಮೂರೇ. ಒಂದನ್ನು ಬಕ್‌ಲೆಂಡನು ವರ್ಣಿಸಿದ್ದನು. ಉಳಿದೆರಡು, ಇಗ್ವಾನೊಡಾನ್ ಮತ್ತು ಹೈಲಿಯೊಸಾರಸ್, ಮ್ಯಾಂಟೆಲ್ಲನವು. ಆದರೂ ಹೆಸರಿಟ್ಟವನನ್ನು ಲೋಕವು ಕೊಂಡಾಡಿತು, ಹುಡುಕಿದವನನ್ನು ಮರೆಯತೊಡಗಿತು. ಮ್ಯಾಂಟೆಲ್ ಮಾತ್ರ ಬಾಗಿದ ಬೆನ್ನಿನಿಂದಲೇ ಬರೆಯುತ್ತ, ಉಪನ್ಯಾಸ ಮಾಡುತ್ತ ನಡೆದನು. ದೂರ ಹೋದ ಮಗನು ನ್ಯೂಜಿಲೆಂಡಿನಿಂದ ಮೋವಾ ಎಂಬ ನಷ್ಟವಾದ ಮಹಾಪಕ್ಷಿಯ ಎಲುಬುಗಳನ್ನು ತಂದೆಗೆ ಕಳುಹಿಸಿದನು. ಚದುರಿದ ಸಂಸಾರದಲ್ಲಿ ತಂದೆಮಕ್ಕಳ ನಡುವೆ ಉಳಿದಿದ್ದ ಎಳೆಯು ಅಂತಹದು. 1849ರಲ್ಲಿ ರಾಯಲ್ ಸೊಸೈಟಿಯು ಆತನಿಗೆ ರಾಯಲ್ ಪದಕವನ್ನಿತ್ತು ಗೌರವಿಸಿತು. 1852ರ ನವೆಂಬರ್ 10ರಂದು, ಅಫೀಮಿನ ಪ್ರಮಾಣ ಮಿತಿಮೀರಿದುದರಿಂದ ಆತನು ಮರಣಹೊಂದಿದನು.

ಆತನ ವಿಕಾರಗೊಂಡಿದ್ದ ಬೆನ್ನುಮೂಳೆಯ ಭಾಗವನ್ನು ವೈದ್ಯರು ತೆಗೆದು ಶಸ್ತ್ರವೈದ್ಯರ ಕಾಲೇಜಿನ ಸಂಗ್ರಹಾಲಯದಲ್ಲಿರಿಸಿದರು. ಒಂದು ದಿನ ಇಗ್ವಾನಾದ ಹಲ್ಲನ್ನು ಕಂಡು ಹಿಗ್ಗಿದ ಸ್ಥಳದಲ್ಲಿಯೇ ಆತನ ಎಲುಬೂ ಬಹುಕಾಲ ಪ್ರದರ್ಶನದ ವಸ್ತುವಾಗಿ ಉಳಿಯಿತು.

ಮ್ಯಾಂಟೆಲ್ಲನ ಎಣಿಕೆಗಳೆಲ್ಲವೂ ಸರಿಯಾಗಿದ್ದುವೆಂದು ನಾವು ಹೇಳೆವು. ಇಗ್ವಾನೊಡಾನ್ ಅರವತ್ತು ಅಡಿ ಉದ್ದವಿತ್ತೆಂದು ಆತನು ಊಹಿಸಿದ್ದನು. ಅದು ಸುಮಾರು ಮೂವತ್ತು ಅಡಿಯ ಪ್ರಾಣಿ. ಮೊನಚಾದ ಎಲುಬೊಂದನ್ನು ಅದರ ಮೂಗಿನ ಮೇಲಿನ ಕೊಂಬೆಂದು ಬಗೆದಿದ್ದನು. 1878ರಲ್ಲಿ ಬೆಲ್ಜಿಯಮ್ಮಿನ ಬರ್ನಿಸಾರ್ ಎಂಬ ಕಲ್ಲಿದ್ದಲಿನ ಗಣಿಯಲ್ಲಿ, 322 ಮೀಟರು ಆಳದಲ್ಲಿ, ಇಗ್ವಾನೊಡಾನಿನ ಅಸ್ಥಿಪಂಜರಗಳು ಮೂವತ್ತಕ್ಕೆ ಕಡಮೆಯಿಲ್ಲದಂತೆ ದೊರೆತಾಗ, ಅದು ಕೊಂಬಲ್ಲ, ಹೆಬ್ಬೆರಳೆಂದು ತಿಳಿದುಬಂದಿತು. ಕೈಯಲ್ಲಿ ಒಂದು ಹಿಡಿ ಹಲ್ಲುಗಳನ್ನಿಟ್ಟುಕೊಂಡು ಕಾಣದ ಪ್ರಾಣಿಯನ್ನು ಊಹಿಸಿದವನು ಇಷ್ಟಾದರೂ ಕಂಡುದೇ ಆಶ್ಚರ್ಯ.

ವಿದ್ಯೆಗಾಗಿ ಸಂಸಾರವನ್ನು ಬಲಿಗೊಡುವುದು ತಕ್ಕದ್ದೆ ಎಂದು ಕೆಲವರು ಕೇಳಬಹುದು. ತಕ್ಕದ್ದೆಂದು ನಾವು ಹೇಳಲಾರೆವು. ಮೇರಿ ಆ್ಯನ್ ತನ್ನ ಮನೆಯ ಪಡಸಾಲೆಯಲ್ಲಿ ಎಲುಬುಗಳು ತುಂಬುತ್ತ, ತನಗೆ ಎಡೆ ಇಲ್ಲದಂತಾದುದನ್ನು ನೋಡುತ್ತ ಎಷ್ಟು ನೊಂದಳೋ ಎಂದು ನಮ್ಮ ಸೋದರಿಯರು ಊಹಿಸಬಲ್ಲರು. ಆದರೆ ಇನ್ನು ಮುಂದೆ ಮಕ್ಕಳು ಡೈನೋಸಾರಿನ ಗೊಂಬೆಯನ್ನು ಹಿಡಿದು ತಂದಾಗ, ಒಂದು ಹಲ್ಲನ್ನು ನಂಬಿ ಪಂಡಿತಲೋಕವನ್ನೆದುರಿಸಿದ ವೈದ್ಯನ ಹೆಸರನ್ನು ಅವರಿಗೆ ಹೇಳಿರಿ. ಆ ಎಲುಬುಗಳ ಚಿತ್ರಗಳನ್ನು ಕೆತ್ತಿದ ಗೃಹಿಣಿಯ ಹೆಸರನ್ನೂ ಜೊತೆಗೆ ಹೇಳಿರಿ.